ಗಿಡ್ಡ ಕಾಲಿನ ಬೆಂಚು

ಅಪ್ಪಾ,

ನೀನಿದ್ದಾಗ ಒಮ್ಮೆಯೂ ಏರದ ಮೇಲಿನ ಲೀಗಿಗೆ ನಮ್ಮ ಹ್ಯಾಡರ್ಬಿ ಫುಟ್‌ಬಾಲ್ ಕ್ಲಬ್ ಇವತ್ತು ಏರಿತು. ಟಾಸ್ ಗೆದ್ದ ಎದುರಾಳಿಗಳು, ಎಲ್ಲ ಹೊಸಬರ ಹಾಗೆ, ನಮ್ಮ ಓರೆ ಮೈದಾನದಲ್ಲಿ ಮೊದಲರ್ಧಕ್ಕೇ ಇಳಿಜಾರಿನತ್ತ ಆಡುವುದನ್ನು ಆರಿಸಿಕೊಂಡು ಎರಡು ಗೋಲು ಹೊಡೆದರು.

"ಇದೇನ್ರೀ, ಮೈದಾನನೋ ಜಾರುಬಂಡೆನೋ?" ಅಂತ ಅವರ ಕಡೆಯವನೊಬ್ಬ ವಿರಾಮದಲ್ಲಿ ಅಣಕಿಸಿದ.

"ನೂರು ವರ್ಷದಿಂದ ಹಿಂಗೇ ಕಣಪ್ಪ. ಈಗ ನಿಮ್ಮೋರು ಹತ್ಲಿ, ನೋಡೋಣ," ಅಂದಳು ಟೀ ಮಾರೋ ಈನಿಡ್.

ಎರಡನೇ ಅರ್ಧದಲ್ಲಿ ಏರು ಹತ್ತಲಾಗದೆ ಅವರು ಸುಸ್ತಾದರು. ನಾವು ಮೂರು ಹೊಡೆದೆವು.

ಮೇಲಿನ ಲೀಗಿನ ನಿಯಮಕ್ಕೆ ಮೈದಾನ ಸಮತಟ್ಟಾಗಬೇಕಂತೆ. ಇಳಿಜಾರಿಗೆ ಹೊಂದಲೆಂದು ನೀನು ಒಂದು ತುದಿಯ ಎರಡು ಕಾಲು ಗಿಡ್ಡ ಕೊಯ್ದು ಮಾಡಿದ ಬೆಂಚನ್ನು ತೋರಿಸಿ, "ಇದರ ಕಾಲೂ ಸರಿ ಮಾಡಿಸೋಣ್ವಾ?" ಅಂದ ಹೊಸ ಕಾರ್ಯದರ್ಶಿ.

"ಮುಟ್ಟಿದ್ರೆ ನೋಡು," ಅಂದೆ.

ಮೈದಾನ ಸಮ ಆಗಲಿ. ನಾವು ವಾಲಿಕೊಂಡೇ ಕೂರ್ತೀವಿ.