ಸಿಟ್ಟಾಗುವ ಹಾಗಿಲ್ಲ

ಫೆಬ್ರವರಿ 9, ಬೆಳಿಗ್ಗೆ

ಊರ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ಬಸುರಿಯರ ತೂಕ, ಬಿಪಿ. ತಕ್ಕಡಿಯ ಮುಳ್ಳು ಮತ್ತೆ ಸಿಕ್ಕಿಕೊಂಡಿದೆ. ಒದ್ದರೆ ಸರಿಹೋಗುತ್ತದೆ, ಒದ್ದೆ.

ಅವರಲ್ಲಿ ತಿದಾ ಎಂಬವಳಿಗೆ ಹದಿನೆಂಟರ ಆಸುಪಾಸು ದಿನ ತುಂಬುತ್ತದೆ. ಮೊದಲನೆಯದು ಸಿಸೇರಿಯನ್. ಇಲ್ಲಿ ಹೆರಿಗೆ ಮಾಡಿಸುವ ಮಾತೇ ಇಲ್ಲ. ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೇ ಹೋಗಬೇಕು. ಮುಂಚೆಯೇ ಹೋಗಿರು ಎಂದರೆ ಅಲ್ಲಿ ಅವಳಿಗೆ ಯಾರೂ ಇಲ್ಲ. ಇರುವುದು ಒಂದೇ ಆಂಬುಲೆನ್ಸ್.

ಅದು ಎಲ್ಲಿ? ಹದಿನೆಂಟಕ್ಕೆ ಗ್ಯಾಂಬಿಯಾದ ಸ್ವಾತಂತ್ರ್ಯ ದಿನ, ಅದಕ್ಕೆ ಕುರ್ಚಿ ಹೊರುತ್ತಿದೆ. ಉತ್ಸವ ಸಮಿತಿಯ ಅಧ್ಯಕ್ಷ ಬಿರಾನ್ ಜೂಫ್ ಅವರ ಅಪ್ಪಣೆ. ಡ್ರೈವರ್ ಯಾಂಕುಬಾ ಫೋನಿನಲ್ಲಿ, "ಹದಿನೆಂಟು ಕಳೀಲಿ ಸಿಸ್ಟರ್, ಆಮೇಲೆ ಗಾಡಿ ನಿಮ್ದೇ" ಎಂದ. ಹೊಟ್ಟೆಯೊಳಗಿನ ಮಗುವಿಗೂ ಹಾಗೇ ಹೇಳಿ ಕಳಿಸಬೇಕೇನೋ.

ಫೆಬ್ರವರಿ 12

ಜೂಫ್ ಮನೆಗೆ ಹೋದೆ. ಕಾಲಿಡುವ ಮೊದಲೇ ಶುರು. "ಬಂದ್ಳು ನೋಡಿ ನಮ್ಮ ಆಳು. ಅನ್ನ ಬೆಂದ ವಾಸನೆ ಬಂದ್ರೆ ಸಾಕು, ಜೋಲಾಗಳು ನದಿ ಈಜ್ಕೊಂಡು ಬರ್ತಾರೆ."

ಅವರು ಸೆರೆರ್. ನನಗೆ ಹೆಸರಿಟ್ಟು ಮಗಳೆಂದುಕೊಂಡ ಮನೆ ಜೋಲಾ. ಈ ಎರಡು ಕುಲಕ್ಕೂ ಅಜ್ಜ ಮುತ್ತಜ್ಜರ ಕಾಲದಿಂದ ಹಾಸ್ಯದ ನಂಟು. ಒಬ್ಬರನ್ನೊಬ್ಬರು ಆಳು ಅನ್ನಬಹುದು, ಏನು ಬೇಕಾದರೂ ಅನ್ನಬಹುದು, ಯಾರೂ ಸಿಟ್ಟಾಗುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಫಿಲಿಪೀನ್ಸ್‌ನಿಂದ ಗ್ಯಾಂಬಿಯಾಕ್ಕೆ ಸ್ವಯಂಸೇವಕಿಯಾಗಿ ಬಂದಾಗ ಎಷ್ಟು ಚೆಂದ ಅನಿಸಿತ್ತು ಇದು...

"ಆಂಬುಲೆನ್ಸ್ ಬೇಕು" ಎಂದೆ.

"ಆಳಿಗ್ಯಾಕಮ್ಮ ಗಾಡಿ? ಕಾಲಿಲ್ವಾ?"

ಅಂಗಳದವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕೇ ಈಗ ಹೆಚ್ಚು ಉರಿಯುತ್ತಿದೆ. ಮೂರು ಸಲ ಕೇಳಿದೆ, ಮೂರು ಸಲವೂ ನಗಿಸಿದರು. ಆಗಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಫೆಬ್ರವರಿ 16

ನ್ಯಾಲಿಂಗ್ ಅಮ್ಮ ಹಬ್ಬದ ಉಡುಪು ಹೊಲಿದು ತಂದರು. ಊರ ಹೆಂಗಸರಿಗೆಲ್ಲ ಒಂದೇ ಬಟ್ಟೆ, ಈ ಸಲ ಹಸಿರು. ಅಮ್ಮ ನಾನಿರುವ ಈ ಮನೆಯ ಯಜಮಾನಿ, ನನ್ನ ಇಲ್ಲಿನ ತಾಯಿ.

"ಯಾಕೆ, ಹರಳೆಣ್ಣೆ ಕುಡ್ದೋರ ಥರ ಮುಖ ಮಾಡ್ಕೊಂಡಿದೀಯ? ಸೆರೆರ್ ಮೇಲೆ ಸಿಟ್ ಮಾಡ್ಕೋಬಾರ್ದು ಮಗಳೇ. ಒಳ್ಳೇದಾಗಲ್ಲ."

"ನಾನೇನು ನಿಜವಾದ ಜೋಲಾ ಅಲ್ವಲ್ಲ" ಎಂದುಬಿಟ್ಟೆ.

ಅವರು ದಾರವನ್ನು ಹಲ್ಲಿನಿಂದ ಕಡಿದರು, ಹೋದರು. ಆಡಬಾರದಿತ್ತು. ಆದರೆ ಅವರ ಮೇಲೂ ಸಿಟ್ಟಿದೆ.

ಫೆಬ್ರವರಿ 18, ಎಂಟು ಗಂಟೆ

ತಿದಾಗೆ ನೋವು. ಆರಕ್ಕೇ ಶುರುವಾಯಿತಂತೆ. ಹಳೆಯ ಹೊಲಿಗೆಯ ಮೇಲೆ ಕೈಯಿಡಲು ಬಿಡುತ್ತಿಲ್ಲ. ಯಾಂಕುಬಾನ ಫೋನ್ ಆಫ್. ಕತ್ತೆಗಾಡಿ ಸಿಕ್ಕಿತು, ಹಬ್ಬದ ಮೈದಾನಕ್ಕೇ ಹೊರಟೆವು —

ಅದೇ ದಿನ, ಸಂಜೆ ನಾಲ್ಕು. ಆಸ್ಪತ್ರೆ

ಬರೆಯದಿದ್ದರೆ ಏನನ್ನಾದರೂ ಒಡೆದುಹಾಕುತ್ತೇನೆ.

ಮೈದಾನದಲ್ಲಿ ಬ್ಯಾಂಡು, ಮಕ್ಕಳ ಕವಾಯತು, ಮೈಕಿನಲ್ಲಿ ಜೂಫ್. ವೇದಿಕೆಯ ಹಿಂದೆ ಆಂಬುಲೆನ್ಸ್. ಸ್ಟ್ರೆಚರ್ ಮೇಲೆ ಐಸು, ಐಸಿನಲ್ಲಿ ದೊಡ್ಡವರಿಗೆ ಶರಬತ್ತಿನ ಬಾಟಲಿಗಳು. ಕವಾಯತಿನ ಸಾಲು ಸೀಳಿಕೊಂಡು ಹೋಗಿ ಕೂಗಿದೆ: "ಏ ಜೂಫ್, ನನ್ನ ಆಳೇ. ಒಡತಿ ಬಂದಿದೀನಿ. ಗಾಡಿ ಬೀಗದ ಕೈ ಕೊಡು."

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಊರೆಲ್ಲ ಸೇರಿದಲ್ಲಿ ಜೋಲಾ ಒಡತಿಯಾಗಿ ಕೇಳಿದ್ದಕ್ಕೆ ಸೆರೆರ್ ಇಲ್ಲ ಅನ್ನುವಂತಿಲ್ಲ. "ಕೊಡ್ರಪ್ಪ, ಇಲ್ದಿದ್ರೆ ನನ್ನನ್ನೇ ತಿಂದುಬಿಡ್ತಾಳೆ" ಎಂದರು ಮೈಕಿನಲ್ಲಿ. ಹಸಿರುಡುಪಿನ ಹೆಂಗಸರು ಐಸನ್ನು ನೆಲಕ್ಕೆ ಸುರಿದರು. ಗೆದ್ದೆ ಅಂದುಕೊಂಡೆ. ದಡ್ಡಿ.

ಹನ್ನೊಂದನೇ ಕಿಲೋಮೀಟರಿಗೆ ಗಾಡಿ ನಿಂತಿತು. ಡೀಸೆಲ್ ಖಾಲಿ. ಮೈಕಿನ ಜನರೇಟರಿಗೆಂದು ಬೆಳಿಗ್ಗೆಯೇ ಎಳೆದುಕೊಂಡಿದ್ದರು.

"ಹೇಳಕ್ಕೆ ಬಂದೆ ಸಿಸ್ಟರ್" ಎಂದ ಯಾಂಕುಬಾ, "ಎಲ್ರೂ ನಗ್ತಾ ಇದ್ರು."

ಎರಡು ಗಂಟೆ ರಸ್ತೆಯಲ್ಲಿ. ಕೊನೆಗೆ ಒಂದು ಕಡಲೆಕಾಯಿ ಲಾರಿ. ತಿದಾ ಬದುಕಿದ್ದಾಳೆ. ಮಗು ಇಲ್ಲ. ಹೆಣ್ಣು.

ಫೆಬ್ರವರಿ 23

ತಿದಾಳ ಮನೆಯ ಅಂಗಳ. ಅವರೂ ಜೋಲಾ. ಜೂಫ್ ಅಕ್ಕಿಮೂಟೆ ಹೊರಿಸಿಕೊಂಡು ಬಂದರು. ಸಾವಿನ ಮನೆಯವರನ್ನು ನಗಿಸುವುದೂ ಈ ನಂಟಿನವರ ಕೆಲಸವೇ.

"ಎಲ್ಲಿ ನನ್ನ ಆಳುಗಳು? ಅತ್ತು ಅತ್ತು ಹಸಿದಿರ್ತೀರ ಅಂತ ಅಕ್ಕಿ ತಂದೀನಿ."

ಎಲ್ಲರೂ ನನ್ನನ್ನು ನೋಡಿದರು. ಉತ್ತರ ನನ್ನದಂತೆ. ನಾನು ಮೂಟೆಯನ್ನೇ ನೋಡುತ್ತ ಕೂತೆ.

ನ್ಯಾಲಿಂಗ್ ಅಮ್ಮ ಎದ್ದರು. ಮೂಟೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ದನಿ ಏರಿಸಲಿಲ್ಲ.

"ಬಿರಾನ್, ಇವತ್ತು ನೀನು ಸೆರೆರ್ ಅಲ್ಲ, ನಾನು ಜೋಲಾ ಅಲ್ಲ. ಡೀಸೆಲ್ ತೆಗೀರಿ ಅಂದೋರು ಯಾರು?"

ಜೂಫ್ ನಗಲು ನೋಡಿದರು. ಯಾರೂ ಜೊತೆಗೂಡಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತ ಬಂದರು, ಕೊನೆಗೆ ನನ್ನನ್ನು. ನಾನೂ ನೋಡಿದೆ.

"ನಾನೇ" ಎಂದರು.

ಅಷ್ಟರಲ್ಲಿ ಒಳಗಿನಿಂದ ತಿದಾ ಎದ್ದು ಬಂದಳು. ಗೋಡೆ ಹಿಡಿದುಕೊಂಡು, ನಿಧಾನವಾಗಿ. ಅವರೆದುರು ನಿಂತು, "ಅಕ್ಕಿ ತಗೊಂಡ್ಹೋಗಿ. ಇವತ್ತು ನಾನು ಸಿಟ್ಟಾಗ್ತೀನಿ" ಎಂದಳು.