ಪೆಟ್‌ವೇ ತಾತನ ಉದ್ದದ ಪ್ರಾರ್ಥನೆ

ಎಲ್ಮ್‌ಫೋರ್ಡ್, ಅಲಬಾಮಾ
ಏಪ್ರಿಲ್ 16, 1964

ನನ್ನ ಮುದ್ದು ಡೆಲ್ಫಿನ್,

ಶಿಕಾಗೋದಲ್ಲಿ ಇನ್ನೂ ಎರಡು ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಬರೆದಿದ್ದೀಯ. ಇಲ್ಲಿ ನಾನು ಕಿಟಕಿ ತೆಗೆದಿಟ್ಟು, ಮುಂಗೈಯಿಂದ ಬೆವರು ಒರೆಸಿಕೊಳ್ಳುತ್ತಾ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ನಿನ್ನಪ್ಪನೂ ಚೆನ್ನಾಗಿದ್ದಾರೆ. ಅಡುಗೆಮನೆ ಕಿಟಕಿಯಲ್ಲಿ ಜೆರೇನಿಯಂ ಕೆಂಪಗೆ ಹೂ ಬಿಟ್ಟಿದೆ. ನೀನು ಎರಡನೇ ತರಗತಿಯಲ್ಲಿದ್ದಾಗ ನೀರು ಹಾಕುವ ಸರದಿಗಾಗಿ ಜುಟ್ಟು ಹಿಡಿದು ಜಗಳವಾಡಿದ್ದೆಯಲ್ಲ, ಅದೇ ಗಿಡ. ಈ ಕಿಟಕಿಯ ಬೆಳಕು ಅದಕ್ಕೆ ಚೆನ್ನಾಗಿ ಹಿಡಿಸಿದೆ.

ನಿನ್ನ ಈಸ್ಟರ್ ಪತ್ರ ನನ್ನ ಶಾಲೆಯ ವಿಳಾಸಕ್ಕೆ ಬಂದದ್ದು ಒಳ್ಳೆಯದಾಯಿತು. ಮನೆಗೆ ಬಂದಿದ್ದರೆ ನಿನ್ನಪ್ಪ ಎಂದಿನಂತೆ ಊಟದ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು, ಚರ್ಚಿನ ಪ್ರಸಂಗದ ಧ್ವನಿಯಲ್ಲಿ ಪೂರ್ತಿ ಓದಿಬಿಡುತ್ತಿದ್ದರು. ಆ ವಾಕ್ಯವನ್ನೂ ಓದುತ್ತಿದ್ದರು. 'ಅಪ್ಪ ಊರಿನ ಅಮ್ಮಂದಿರನ್ನೆಲ್ಲ ಕೋರ್ಟಿನ ಮೆಟ್ಟಿಲಿಗೆ ಕಳಿಸುತ್ತಾರೆ, ನನ್ನ ಅಮ್ಮನನ್ನು ಮಾತ್ರ ಶಾಲೆಯೊಳಗೆ ಬಚ್ಚಿಟ್ಟಿದ್ದಾರೆ. ಅಂಥವರು ಸಮಾನತೆಯ ಮಾತಾಡಿದರೆ ನಾನು ಯಾಕೆ ಕೇಳಲಿ?' ಎಂದು ಬರೆದಿದ್ದೆ. ಓದಿ ನನಗೆ ಸಿಟ್ಟು ನೆತ್ತಿಗೇರಿತು. ನೀನು ಸುಳ್ಳು ಬರೆದಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನಿನ್ನಪ್ಪ ನನ್ನನ್ನು ಯಾವತ್ತೂ ಕೇಳಲಿಲ್ಲ, ಅದು ನಿಜ. ಮತದಾರರ ಪಟ್ಟಿಗೆ ಹೆಸರು ಬರೆಸಲು ಕೋರ್ಟಿಗೆ ಹೋದ ಕರಿಯ ಟೀಚರಿಗೆ ಮಾರನೆಯ ವಾರ ಕೆಲಸವಿರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಮೌಂಟ್ ನೀಬೋ ಚರ್ಚು ತನ್ನ ಪಾದ್ರಿಗೆ ಕೊಡುವುದು ಸೊಪ್ಪು, ಮೊಟ್ಟೆ, ಆಗೊಮ್ಮೆ ಈಗೊಮ್ಮೆ ಹಂದಿಯ ತೊಡೆ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಅವರು "ನಾಳೆ ಸಾಲಿನಲ್ಲಿ ಯಾರ್ಯಾರು ನಿಲ್ತೀರಿ?" ಎಂದು ಒಂದೊಂದೇ ಬೆಂಚಿನ ಮೇಲೆ ಕಣ್ಣು ಹಾಯಿಸುತ್ತಿದ್ದರು. ಎರಡನೇ ಬೆಂಚು ಬಂದಾಗ ಅವರಿಗೆ ಕೆಮ್ಮು ಬರುತ್ತಿತ್ತು. ನಾನು ಕೈಯಲ್ಲಿದ್ದ ಬೀಸಣಿಗೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಹೀಗೆ ಗಂಡ ಹೆಂಡತಿ ಇಬ್ಬರೂ ಸೇರಿ ಆ ಬೆಂಚನ್ನು ದಾಟಿಬಿಡುತ್ತಿದ್ದೆವು.

ಆದರೆ ಅವರ ನಂಬಿಕೆಯನ್ನು ಆಡಿಕೊಂಡು ನೀನು ಬರೆದದ್ದಕ್ಕೆ ನಾನು ಒಪ್ಪುವುದಿಲ್ಲ. ಶೆರೀಫನ ಹೆಸರು ಹಿಡಿದು ದಿನಾ ಬೆಳಗ್ಗೆ ಪ್ರಾರ್ಥನೆ ಮಾಡುವ ಗಂಡಸನ್ನು ನೋಡಿದರೆ ಮೈ ಉರಿಯುತ್ತದೆ ಎಂದೆಯಲ್ಲ, ನನಗೂ ಉರಿದಿದೆ. ಆ ಶೆರೀಫ ಅವರನ್ನು ಲಾಕಪ್ಪಿಗೆ ಹಾಕಿ ಪಕ್ಕೆಲುಬು ಮುರಿದು ಕಳಿಸಿದ ಮಾರನೆಯ ಬೆಳಗ್ಗೆಯೂ ಮಂಚದ ಪಕ್ಕ ಮಂಡಿಯೂರಲಾಗದೆ, ಗೋಡೆಗೊರಗಿ ನಿಂತು ಅವನ ಹೆಸರು ಹೇಳಿದರು. "ಅವನನ್ನ ಬಿಟ್ಬಿಡಿ, ಒಂದು ದಿನ ಬಿಟ್ರೆ ದೇವರೇನು ಬೈಯಲ್ಲ" ಎಂದೆ. ಅವರು ಹೇಳಿದರು: "ಅವನನ್ನ ಬಿಟ್ರೆ ನನ್ನ ಪ್ರಾರ್ಥನೆಗೂ ಬಿಳಿಯರಿಗೆ ಮಾತ್ರ, ಕರಿಯರಿಗೆ ಮಾತ್ರ ಅಂತ ಬೋರ್ಡು ಹಾಕಿದ ಹಾಗಾಗತ್ತೆ ಯುಲಾ. ಅವನನ್ನೂ ದೇವರೇ ಮಾಡಿದ್ದು. ಮಾಡಿದ್ದು ಒಬ್ಬನೇ ಅಂದ್ಮೇಲೆ, ಅವನು ನನಗಿಂತ ಮೇಲೂ ಅಲ್ಲ, ನನಗಿಂತ ಕೆಳಗೂ ಅಲ್ಲ." ಅವರ ಹೋರಾಟವೆಲ್ಲ ಇಷ್ಟೇ, ಡೆಲ್. ಉಳಿದದ್ದೆಲ್ಲ ನಡಿಗೆ, ಸಾಲು, ಜೈಲು.

ಈಗ ಆರನೇ ತಾರೀಕು ಸೋಮವಾರ ಏನಾಯಿತು ಎಂದು ಹೇಳುತ್ತೇನೆ. ಸಾವಕಾಶವಾಗಿ ಓದು, ಕೆಲಸದ ಮಧ್ಯೆ ಓದಬೇಡ. ಜೋರಾಗಿ ನಕ್ಕು ಬೈಸಿಕೊಳ್ಳುತ್ತೀಯ.

ಪಟ್ಟಿಯ ಕಚೇರಿ ತೆಗೆಯುವುದು ತಿಂಗಳಿಗೆ ಎರಡು ಸೋಮವಾರ. ಬೆಳಗ್ಗೆಯೆಲ್ಲ ಒಬ್ಬರನ್ನೋ ಇಬ್ಬರನ್ನೋ ಒಳಗೆ ಬಿಟ್ಟು, ಮಧ್ಯಾಹ್ನ ಊಟಕ್ಕೆಂದು ಬಾಗಿಲು ಹಾಕುತ್ತಾರೆ. ಆಗ ಶೆರೀಫ ಬರುತ್ತಾನೆ. ಕಚೇರಿ ಮುಚ್ಚಿದ ಮೇಲೆ ಇದು ಸಾಲಲ್ಲ, ಬರೀ ಗುಂಪು, ಗುಂಪು ಕೂಡುವುದು ಅಪರಾಧ ಎಂದು ಎಲ್ಲರನ್ನೂ ವ್ಯಾನಿಗೆ ತುಂಬುತ್ತಾನೆ. ಊಟ ಮುಗಿಸಿ ಬಾಗಿಲು ತೆಗೆದರೆ ಹೊರಗೆ ನರಪಿಳ್ಳೆಯೂ ಇರುವುದಿಲ್ಲ. ನಮ್ಮವರಿಗೆ ಹೆಸರು ಬರೆಸುವ ಆಸೆಯೇ ಇಲ್ಲ ಎಂದು ಆಮೇಲೆ ಪೇಪರಿನಲ್ಲಿ ಬರುತ್ತದೆ. ಆ ಊಟದ ಹೊತ್ತನ್ನು ದಾಟಬೇಕು, ಬಾಗಿಲು ಮತ್ತೆ ತೆಗೆಯುವವರೆಗೆ ಸಾಲು ಸಾಲಾಗಿಯೇ ಇರಬೇಕು ಎಂದು ನಿನ್ನಪ್ಪ ಚಳಿಗಾಲದಿಂದ ಒದ್ದಾಡುತ್ತಿದ್ದರು.

ಆವತ್ತು ಸಾಲಿನ ಮುಂದೆ ನಿಂತವರು ಡೀಕನ್ ಪೆಟ್‌ವೇ. ನಿನಗೆ ನೆನಪಿರಬೇಕು, ನಮ್ಮ ಚರ್ಚಿನ ಹಿರಿಯ, ಅವರು ಪ್ರಾರ್ಥನೆಗೆ ಎದ್ದರೆ ಹೆಂಗಸರು ಮನೆಯಲ್ಲಿಟ್ಟು ಬಂದ ಕೋಳಿ ಸೀದುಹೋಯಿತು ಎಂದೇ ಲೆಕ್ಕ. ನಿನ್ನಪ್ಪ ಅವರಿಗೆ ಪ್ರಾರ್ಥನೆ ಕೊಡುವುದನ್ನೇ ನಿಲ್ಲಿಸಿದ್ದರು. ವಯಸ್ಸು ಎಂಬತ್ತು ದಾಟಿದೆ. ಬೆಳಗ್ಗೆ ಬಾಗಿಲಲ್ಲಿದ್ದ ಗುಮಾಸ್ತ "ಏಯ್ ಹುಡುಗ, ಗೋಡೆ ಬಿಟ್ಟು ನಿಲ್ಲು" ಎಂದನಂತೆ. ತಾತ ಹಿಂದಿದ್ದವರ ಕಡೆ ತಿರುಗಿ, "ನೋಡಿ, ಇವರ ಲೆಕ್ಕದಲ್ಲಿ ನಾನಿನ್ನೂ ಹುಡುಗ. ಎರಡನೇ ಮದುವೆಗೆ ಹೆಣ್ಣಿದ್ರೆ ಹೇಳಿ" ಎಂದರಂತೆ.

ಮಧ್ಯಾಹ್ನದ ಬಿಡುವಿನಲ್ಲಿ ನಾನು ಬುಟ್ಟಿಯಲ್ಲಿ ಬಿಸ್ಕೆಟ್ಟು, ಹುರಿದ ಕೋಳಿ ಇಟ್ಟುಕೊಂಡು ಸಾಲಿನವರಿಗೆ ಕೊಟ್ಟು ಬರೋಣವೆಂದು ಹೋದೆ. ಶಾಲೆಯಿಂದ ಕೋರ್ಟಿಗೆ ಎರಡೇ ಬೀದಿ. ನಾನು ಮೆಟ್ಟಿಲಿನ ಹತ್ತಿರ ಬರುವುದಕ್ಕೂ ಬಾಗಿಲು ಧಡಾರನೆ ಹಾಕಿಕೊಳ್ಳುವುದಕ್ಕೂ ಸರಿಹೋಯಿತು. ಶೆರೀಫ ಕಾರಿನಿಂದ ಇಳಿದ. ಎದುರು ಬೀದಿಯಲ್ಲಿ ಉತ್ತರ ರಾಜ್ಯಗಳ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ನಿನ್ನಪ್ಪ ಸಾಲಿನ ಪಕ್ಕದಲ್ಲಿ ನಿಂತು ಎಲ್ಲರ ಮುಖ ನೋಡಿದರು, ಆಮೇಲೆ ಮೆಲ್ಲಗೆ ಹೇಳಿದರು: "ಡೀಕನ್, ಪ್ರಾರ್ಥನೆ ಮಾಡಿ. ಇವತ್ತು ನಾನು ಗಡಿಯಾರ ನೋಡಲ್ಲ."

ತಾತ ಹ್ಯಾಟು ತೆಗೆದರು. ಸಿಸ್ಟರ್ ಗ್ರಿಗ್ಸ್ ಚರ್ಚಿನಲ್ಲಿ ಬಾಗಿಲು ಕಾಯುವಾಗ ಹಾಕುತ್ತಾಳಲ್ಲ, ಆ ಬಿಳಿ ಕೈಗವಸನ್ನು ಕೋರ್ಟಿಗೂ ಹಾಕಿಕೊಂಡು ಬಂದಿದ್ದಳು. ಅಭ್ಯಾಸದ ಮೇಲೆ ಕೈ ಎತ್ತಿಬಿಟ್ಟಳು. ಆ ಕೈ ಮೇಲಿರುವಷ್ಟು ಹೊತ್ತು ಮೌಂಟ್ ನೀಬೋದಲ್ಲಿ ಯಾರೂ ಕದಲುವುದಿಲ್ಲ ಎಂದು ನಿನಗೆ ಗೊತ್ತು. ಮಕ್ಕಳೂ ಕೂಡ ಎತ್ತಿದ ಕಾಲು ಇಳಿಸುವುದಿಲ್ಲ. ನಾನು ಬುಟ್ಟಿ ಹಿಡಿದು, ಒಂದು ಕಾಲು ಮೊದಲ ಮೆಟ್ಟಿಲ ಮೇಲಿಟ್ಟು, ಸಾಲಿನ ತುದಿಯಲ್ಲಿ ನಿಂತದ್ದು ನಿಂತೇ ಬಿಟ್ಟೆ.

ಶೆರೀಫನೂ ಹ್ಯಾಟು ತೆಗೆದ. ಅವನೂ ನಮ್ಮಂತೆ ಬ್ಯಾಪ್ಟಿಸ್ಟ್ ಪಂಥದವನೇ ತಾನೆ, ಅಮ್ಮ ಬೆಳೆಸಿದ ರೀತಿ ಕೈಗೆ ನೆನಪಿತ್ತು. ಕ್ಯಾಮೆರಾದವನು ಬೇರೆ ನೋಡುತ್ತಿದ್ದ.

"ಕರ್ತನೇ, ಈ ಮೆಟ್ಟಿಲು ಕಟ್ಟಿದವರನ್ನ ನೆನೀತೀವಿ" ಎಂದು ತಾತ ಶುರು ಮಾಡಿದರು. "ಆಮೆನ್!" ಎಂದಿತು ಸಾಲು. ಮುಗಿಯಿತೆಂದು ಶೆರೀಫ ಹ್ಯಾಟು ಹಾಕಿಕೊಂಡ. "ಮತ್ತೆ ಕರ್ತನೇ, ಈ ಕಲ್ಲು ಹೊತ್ತವರನ್ನ ನೆನೀತೀವಿ" ಎಂದರು ತಾತ. ಶೆರೀಫ ಹ್ಯಾಟು ತೆಗೆದ. "ಆಮೆನ್!" ಹ್ಯಾಟು ಮೇಲೇರಿತು. "ಮತ್ತೆ ಕರ್ತನೇ..." ಬಿಳಿಯರ ಚರ್ಚಿನಲ್ಲಿ ಆಮೆನ್ ಎಂದರೆ ಮುಗಿಯಿತು, ಊಟಕ್ಕೆ ಹೊರಡಬಹುದು. ನಮ್ಮಲ್ಲಿ ಆಮೆನ್ ಎಂದರೆ ಇನ್ನೂ ಹೇಳು ಎಂದು. ಪಾಪ, ಅವನಿಗೆ ಯಾರು ಹೇಳಬೇಕು? ಅವನ ಹ್ಯಾಟು ಏರಿ ಇಳಿದು ಏರಿ ಇಳಿದು, ನನಗೆ ನಗು ತಡೆಯಲಾಗದೆ ಬುಟ್ಟಿಯ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಪಕ್ಕದವರು ಬೆನ್ನು ಸವರಿದರು.

ತಾತ ಅಧ್ಯಕ್ಷರನ್ನು ನೆನೆದರು, ಹೇಸರಗತ್ತೆಗಳನ್ನು ನೆನೆದರು, ಒಳಗೆ ಊಟ ಮಾಡುತ್ತಿದ್ದ ಗುಮಾಸ್ತನ ಜೀರ್ಣಶಕ್ತಿಯನ್ನೂ ಬಿಡಲಿಲ್ಲ. ಆಮೇಲೆ ಧ್ವನಿ ತಗ್ಗಿಸಿ, "ಕರ್ತನೇ, ಇಲ್ಲಿ ನಿಂತಿರೋ ಈ ಶೆರೀಫನ ತಾಯಿ ಮಿಸ್ ಕೋರಾ ನಿನ್ನ ಹತ್ರ ಇದ್ದಾರೆ. ನನ್ನ ಹೆಂಡ್ತಿಗೆ ಜ್ವರ ಬಂದಾಗ ಪೀಚ್ ಹಣ್ಣಿನ ಪಾಕ ಕಳಿಸಿದ್ರು. ಹಿಂದಿನ ಬಾಗಿಲಿಂದ ಕಳಿಸಿದ್ರು, ಆದ್ರೂ ಕಳಿಸಿದ್ರು. ಅವರಿಗೆ ಹೇಳು, ಅವರ ಮಗನ್ನ ನಾವು ಮರ್ತಿಲ್ಲ ಅಂತ" ಎಂದರು. ಅದಕ್ಕೆ ಮಾತ್ರ ಯಾರೂ ಆಮೆನ್ ಎನ್ನಲಿಲ್ಲ. ಶೆರೀಫ ಮತ್ತೆ ಹ್ಯಾಟು ಹಾಕಿಕೊಳ್ಳಲಿಲ್ಲ. ತಲೆ ತಗ್ಗಿಸಿ ಅದರ ಅಂಚನ್ನು ತಿರುಗಿಸುತ್ತಾ ನಿಂತ. ಅವನು ಒಳ್ಳೆಯವನಾದ ಎಂದು ನಾನು ಹೇಳುವುದಿಲ್ಲ, ಈ ವಾರ ಮತ್ತೆ ಇಬ್ಬರನ್ನು ಒಳಗೆ ಹಾಕಿದ್ದಾನೆ. ಆದರೆ ಆ ಗಳಿಗೆಯಲ್ಲಿ ನಿನ್ನಪ್ಪ ದಿನಾ ಬೆಳಗ್ಗೆ ಯಾರಿಗಾಗಿ ಪ್ರಾರ್ಥಿಸುತ್ತಾರೋ ಅವನನ್ನು ನಾನು ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಒಳಗೆ ಹೋಗುವ ಗಂಟೆ. ನಿನ್ನಪ್ಪ ತಲೆ ಎತ್ತದೆ ಕಣ್ಣಲ್ಲೇ ನನಗೆ ಹೇಳಿದರು, ಹೋಗು ಯುಲಾ, ಹೋಗು. ನಾನು ಸಿಸ್ಟರ್ ಗ್ರಿಗ್ಸ್‌ಳ ಕೈ ನೋಡಿದೆ. ಅದು ಇನ್ನೂ ಮೇಲೆಯೇ ಇತ್ತು.

ಕೊನೆಗೆ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ತಾತ ಒಂದು ಕಣ್ಣು ತೆರೆದು ನೋಡಿ, "ಯೇಸುವಿನ ನಾಮದಲ್ಲಿ, ಆಮೆನ್" ಎಂದರು. ಗುಮಾಸ್ತ ಬಾಗಿಲು ತೆಗೆದರೆ ಸಾಲು ಸಾಲಾಗಿಯೇ ಇತ್ತು. ಶೆರೀಫ ಯಾರ ಮುಖವನ್ನೂ ನೋಡದೆ ಕಾರು ಹತ್ತಿದ.

ನಿನ್ನಪ್ಪ ನನ್ನ ಹತ್ತಿರ ಬಂದು ಬುಟ್ಟಿಗೆ ಕೈ ಹಾಕಿದರು. "ಕೊಡು ಇಲ್ಲಿ. ಹಿಂದಿನ ಓಣಿಯಿಂದ ಓಡು, ಯಾರೂ ನೋಡಿಲ್ಲ" ಎಂದರು. ನಾನು ಬುಟ್ಟಿ ಕೊಟ್ಟೆ. "ಪಕ್ಕಕ್ಕೆ ಸರೀರಿ ರೆವರೆಂಡ್, ಹಿಂದಿರೋವ್ರಿಗೆ ಜಾಗ ಬೇಕು" ಎಂದೆ. ಅಷ್ಟು ಹೊತ್ತಿಗೆ ನನ್ನ ಹಿಂದೆಯೂ ಜನ ಬಂದು ನಿಂತಿದ್ದರು. ಇಷ್ಟು ವರ್ಷ ಪ್ರಸಂಗ ಪೀಠದ ಮೇಲೆ ಮಾತಿಗೆ ಬರವೇ ಇಲ್ಲದ ಮನುಷ್ಯ ಬುಟ್ಟಿ ಅಪ್ಪಿಕೊಂಡು ಪಕ್ಕಕ್ಕೆ ಸರಿದರು.

ಒಳಗೆ ನನ್ನನ್ನು ಬರೀ ಯುಲಾ ಎಂದು ಕರೆದರು, ಕಾಗದ ಕೊಟ್ಟರು, ರಾಜ್ಯದ ಕಾನೂನಿನದೊಂದು ತುಣುಕು ಕೊಟ್ಟು ವಿವರಿಸು ಎಂದರು. ಶಾಲೆಯ ಅಕ್ಷರದಲ್ಲಿ ದುಂಡಗೆ ಬರೆದುಕೊಟ್ಟೆ. ಮೊನ್ನೆ ಉತ್ತರ ಬಂತು, ಪೆಟ್‌ವೇ ತಾತ ಪಾಸು, ನಾನು ಫೇಲು! ಉತ್ತರ ಸ್ಪಷ್ಟವಾಗಿಲ್ಲವಂತೆ. ತಾತನ ಫೋಟೋ ಉತ್ತರ ರಾಜ್ಯಗಳ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದಕ್ಕೆ ಹೆದರಿರಬೇಕು. ತಾತ ತಮ್ಮ ಮತದಾರರ ಕಾರ್ಡನ್ನು ಬೈಬಲ್ಲಿನಲ್ಲಿಟ್ಟುಕೊಂಡು ಮನೆಗೇ ಬಂದು ತೋರಿಸಿದರು. "ಬೇಕಾದ್ರೆ ಟ್ಯೂಷನ್ ಹೇಳ್ಕೊಡ್ತೀನಿ ಟೀಚರಮ್ಮ" ಎಂದು ಹಂಗಿಸಿದರು. ಮೇಜಿನ ಮೇಲೆ ಕಾರ್ಡಿಟ್ಟುಕೊಂಡು ಅದನ್ನು ನೋಡುತ್ತಲೇ ಎರಡು ತುಂಡು ಸಿಹಿಗೆಣಸಿನ ಪೈ ತಿಂದರು. ನನಗೆ ಅಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ. ಈ ಸೋಮವಾರ ಮತ್ತೆ ಹೋಗುತ್ತೇನೆ.

ಕಳೆದ ಭಾನುವಾರ ನಿನ್ನಪ್ಪ ಇದರ ಮೇಲೆಯೇ ಪ್ರಸಂಗ ಮಾಡಿದರು. "ನಾನು ನಿಮ್ಮೆಲ್ಲರ ಮನೆ ಬಾಗಿಲು ತಟ್ಟಿದೆ, ನನ್ನ ಮನೆ ಬಾಗಿಲು ತಟ್ಟಲಿಲ್ಲ. ಹೆದರಿದ್ದೆ. ನಾನು ಕೇಳೋಕೆ ಹೆದರಿದ್ದನ್ನ ಕರ್ತನೇ ಕೇಳಿಬಿಟ್ಟ. ಬಿಸ್ಕೆಟ್ಟು ಕೊಡೋಕೆ ಬಂದವಳ ಕಾಲನ್ನ ಡೀಕನ್ ಪೆಟ್‌ವೇ ಅವರ ಪ್ರಾರ್ಥನೆಯಿಂದ ಹಿಡಿದು ನಿಲ್ಲಿಸಿದ" ಎಂದರು. ಜನ ಎದ್ದು ನಿಂತು ಹಾಡಿದರು. ಸೋಮವಾರಕ್ಕೆ ಯಾರು ಎಂದು ಕೇಳುವಾಗ ಎರಡನೇ ಬೆಂಚಿನ ಹತ್ತಿರ ಅವರು ಕೆಮ್ಮಲಿಲ್ಲ. ನೇರ ನನ್ನನ್ನೇ ನೋಡಿದರು, ನಾನು ಕೈ ಎತ್ತಿದೆ. ನೀನು ನೋಡಬೇಕಿತ್ತು, ಡೆಲ್. ನೀನು ಅಲ್ಲಿರಬೇಕಿತ್ತು ಎಂದು ತುಂಬಾ ಅನ್ನಿಸಿತು.

ನಮ್ಮ ಊಟದ ಚಿಂತೆ ಮಾಡಬೇಡ. ಸಭೆಯವರೆಲ್ಲ ದಿನಾ ಏನಾದರೂ ತಂದಿಟ್ಟು ಹೋಗುತ್ತಾರೆ, ಸೊಪ್ಪು ಇಡಲು ಜಾಗವಿಲ್ಲ. ಸಿಸ್ಟರ್ ಗ್ರಿಗ್ಸ್ ನನಗೆ ಹೊಲಿಗೆಯ ಕೆಲಸ ತಂದುಕೊಟ್ಟಿದ್ದಾಳೆ. ಆ ಕೋಟಿನ ಗುಂಡಿ ಬಿದ್ದಿದ್ದರೆ ಹಾಕಿಕೋ, ಪಿನ್ನು ಚುಚ್ಚಿಕೊಂಡು ತಿರುಗಬೇಡ.

ಇಷ್ಟೆಲ್ಲ ಸಿಟ್ಟಿನಲ್ಲೂ ನಿನ್ನನ್ನು ಬಹಳ ಪ್ರೀತಿಸುವ
ಅಮ್ಮ,
ಯುಲಾ ಟ್ರಾಮೆಲ್

ಮರೆತಿದ್ದೆ: ಇನ್ನು ಮುಂದೆ ಪತ್ರವನ್ನು ಶಾಲೆಗೆ ಹಾಕಬೇಡ, ಅಲ್ಲಿ ನನ್ನ ಮೇಜಿನಲ್ಲಿ ಈಗ ಬೇರೆಯವರು ಕೂರುತ್ತಾರೆ. ಮನೆಗೇ ಹಾಕು. ನಿನ್ನಪ್ಪ ಒಡೆದು ಊಟದ ಮೇಜಿನ ಮುಂದೆ ಗಟ್ಟಿಯಾಗಿ ಓದುತ್ತಾರೆ, ಅವರು ಓದಬಹುದಾದಂಥದ್ದನ್ನು ಬರೆ.

ಇನ್ನೊಂದು. ನೀನು ನನ್ನ ಮಗಳು, ಆ ಜೆರೇನಿಯಂ ಶಾಲೆಯ ಕಿಟಕಿಯಲ್ಲಿತ್ತಲ್ಲ, ಮನೆಗೆ ಯಾವಾಗ ಬಂತು ಎಂದು ಆಗಲೇ ಯೋಚಿಸಿರುತ್ತೀಯ. ನಾನು ಸಾಲಿಗೆ ಹೋದದ್ದು ಸೋಮವಾರ. ಮೇಜು ಖಾಲಿ ಮಾಡಿ ಗಿಡ ಹೊತ್ತು ತಂದದ್ದು ಅದರ ಹಿಂದಿನ ಶುಕ್ರವಾರ. ದೇವರ ಕೈ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಅಪ್ಪನಿಗೆ ಬರೆಯಬೇಡ, ಪಾಪ, ಪ್ರಸಂಗ ಮಾಡಿಬಿಟ್ಟಿದ್ದಾರೆ.