ಕೈಮಿಷನ್ನಿನ ಹಿಡಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

"ದೂರವಿರುವವರ ಹೆಸರೇ ಮನೆಯಲ್ಲಿ ಮೊದಲು ಏಳುತ್ತದೆ" ಎಂದೋ ಏನೋ ಒಂದು ಸಾಲು. ಎಲ್ಲಿ ಓದಿದ್ದೆನೋ, ಮುಂದಿನದು ನೆನಪಿಲ್ಲ. ಬರೆದವರು ಯಾರ ಮನೆಯಲ್ಲಿ ಕಣ್ಣುಬಿಟ್ಟಿದ್ದರೋ! ನಮ್ಮ ಮನೆಯಲ್ಲಿ ಮೊದಲು ಏಳುತ್ತಿದ್ದವಳು ನಾನು.

ನಾನು ಫೋನ್ ಎತ್ತಲಿಲ್ಲವೆಂದು ನೀನು ಬರೆದ ಮೂರು ಕಾಗದಗಳೂ ತಲುಪಿವೆ. ತಡವಾಯಿತು, ಕ್ಷಮಿಸು ಎಂದು ಬರೆಯುವುದು ವಾಡಿಕೆ. ಬರೆಯುವ ಮನಸ್ಸೇ ಇರಲಿಲ್ಲ ಎಂಬುದು ನಿಜ. ಮೂರರಲ್ಲೂ ಒಂದೇ ಮಾತು: ಅಮ್ಮನ ಕಾಫಿ ಬೀಸುವ ಕೈಮಿಷನ್ ಕಳಿಸು. ನಾನು ಹೇಗಿದ್ದೇನೆಂದು ಒಂದರಲ್ಲೂ ಕೇಳಿಲ್ಲ. ಇರಲಿ, ಚೆನ್ನಾಗಿದ್ದೇನೆ.

ಅಮ್ಮ ತೀರಿಕೊಂಡ ವಾರ ನೆಂಟರ ಮುಂದೆ ನೀನು ಆಡಿದ ಮಾತು ಅಡುಗೆಮನೆಯವರೆಗೂ ಬಂತು. "ನಮ್ಮಕ್ಕಂದು ಬಿಡಿ, ಪುಸ್ತಕ ಹಿಡಿದ್ರೆ ಪ್ರಪಂಚ ಬೇಡ. ಪಾಪ, ಅಮ್ಮನಿಗೆ ಒಂದು ಲೋಟ ಒಳ್ಳೆ ಕಾಫಿಗೂ ಗತಿಯಿರ್ಲಿಲ್ಲ." ಚಿಕ್ಕಪ್ಪ ಹೂಂಗುಟ್ಟಿದರು. ಬೀಸುತ್ತಿದ್ದ ನನ್ನ ಕೈ ನಿಂತಿತು. ಅವರಿಗೆಲ್ಲ ಕಾಫಿಗೆಂದೇ ಬೀಸುತ್ತಿದ್ದೆ.

ನಿನಗೆ ಅದು ಕಪಾಟಿನ ಮೇಲಿಡುವ ಅಲಂಕಾರ. ಬಳಸಿ ಗೊತ್ತಾ? ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಪೆಟ್ಟಿಗೆಯೇ ತಿರುಗುತ್ತದೆ. ಒಂಬತ್ತು ವರ್ಷ ಹಿಡಿದು ನನ್ನ ಮೊಣಕಾಲಿನ ಒಳಬದಿ ಕಪ್ಪುಗಟ್ಟಿದೆ. ತಿರುಪು ಅರ್ಧ ಸುತ್ತು ಬಿಗಿಯಾದರೆ ಪುಡಿ ನುಣ್ಣಗಾಗಿ ಕಹಿ. ಸಡಿಲವಾದರೆ ತರಿತರಿ, ಬರೀ ಬಣ್ಣದ ನೀರು. ಅಮ್ಮ ಒಂದೇ ಗುಟುಕಿಗೆ ಕಂಡುಹಿಡಿದು ಲೋಟ ದೂಡುತ್ತಿದ್ದಳು. ಕಣ್ಣು ಮಂಜಾಯಿತು, ನೆನಪೂ ಹೋಯಿತು, ನಾಲಗೆ ಮಾತ್ರ ಕಡೆಯವರೆಗೂ ಚುರುಕು. ನೀನೋ, ಫೋನಿನಲ್ಲಿ "ಕಾಫಿ ಆಯ್ತೇನಮ್ಮಾ?" ಎಂದು ಕೇಳಿಯೇ ಒಳ್ಳೆಯವಳಾದೆ.

ಜಗಳ ಸಾಕು. ಮಿಷನ್ ಪಾರ್ಸಲ್ಲಿನಲ್ಲಿ ಬರುತ್ತದೆ. ಒರೆಸಿ, ಹಳೆ ಸೀರೆಯಲ್ಲಿ ಸುತ್ತಿದ್ದೇನೆ. ಹಿಡಿಯನ್ನು ಮಾತ್ರ ಬಿಚ್ಚಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅಲಂಕಾರಕ್ಕೆ ಹಿಡಿ ಯಾಕೆ?

ಗಂಡ, ಮಕ್ಕಳೊಂದಿಗೆ ಸುಖವಾಗಿರು. ಮನಸಾರೆ ಹೇಳುತ್ತಿಲ್ಲ, ಆದರೂ ಫಲಿಸಲಿ.

ನಿನ್ನ ಅಕ್ಕ

ಬರೆಯದೆ ಬಿಟ್ಟದ್ದು: ಕಡೆಯ ವರ್ಷ ಅಮ್ಮನಿಗೆ ನನ್ನ ಗುರುತಿರಲಿಲ್ಲ. ಮಿಷನ್ ಸದ್ದಾದರೆ ಸಾಕು, ಒಳಗಿನಿಂದ "ಪುಟ್ಟೀ, ಬಂದ್ಯಾ?" ಎನ್ನುತ್ತಿದ್ದಳು. ಮೊದಮೊದಲು ತಿದ್ದಿದೆ. ತಿದ್ದಿದ ದಿನ ಕಾಫಿ ಮುಟ್ಟುತ್ತಿರಲಿಲ್ಲ. ಆಮೇಲೆ "ಹೂಂ, ಬಂದೆ" ಎನ್ನತೊಡಗಿದೆ. ನಿನ್ನೆ ಪಾರ್ಸಲ್ ಕಟ್ಟುತ್ತಿದ್ದಾಗ, ಹೋದ ವರ್ಷ ಕೆಳಮನೆಗೆ ಬಂದ ಟೈಲರಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಈಗ ಬೆಳಗ್ಗೆ ಸದ್ದೇ ಇಲ್ವಲ್ಲ, ಕಾಫಿ ಬೀಸ್ತಿದ್ದ ನಿಮ್ಮ ತಂಗಿ ಹೊರಟೋದ್ರಾ? ಒಂದಿನಾನೂ ಮುಖ ನೋಡೋಕಾಗ್ಲಿಲ್ಲ. ನಿಮ್ಮಮ್ಮ ಕಿಟಕೀಲಿ ಕೂತು ಯಾವಾಗ್ಲೂ ಹೇಳೋರು, ನನ್ನ ನೋಡ್ಕೊಳ್ಳೋಳು ಪುಟ್ಟಿ ಒಬ್ಳೇ ಅಂತ."